ಬೆಳೆಯುತ್ತಿರುವ ದೇಹಕ್ಕೆ ತಾಯ್ತನದ ಹೊರೆ ಏಕೆ?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆ ನಮ್ಮ ಮನೆಗಳಲ್ಲಿ ಒಂದು ಮಾತು ಇನ್ನೂ ಅಳಿದಿಲ್ಲ: “ಹುಡುಗಿ ದೊಡ್ಡವಳಾದಳು, ಶರೀಅತ್ತಿನ ಅಡ್ಡಿಯಿಲ್ಲ, ನಿಕಾಹ್ ಮುಗಿಸಿಬಿಡೋಣ.” ಬಾಲ್ಯವಿವಾಹ ಎಲ್ಲ ಸಮುದಾಯಗಳಲ್ಲೂ ಇದೆ. ಆದರೆ ಅದಕ್ಕೆ ಇಸ್ಲಾಮಿನ ಹೆಸರು ಹಚ್ಚುವವರು ನಮ್ಮವರಾದ್ದರಿಂದ ಉತ್ತರಿಸಬೇಕಾದವರೂ ನಾವೇ.

ಅನ್ನಿಸಾ ಅಧ್ಯಾಯದ 6ನೇ ವಚನವು ಅನಾಥರಿಗೆ ಅವರ ಸೊತ್ತನ್ನು ಒಪ್ಪಿಸುವ ಮುನ್ನ ವಿವಾಹದ ಪ್ರಾಯದ ಜೊತೆಗೆ ವಿವೇಕವೂ ಬಂದಿದೆಯೇ ಎಂದು ಪರೀಕ್ಷಿಸಲು ಆಜ್ಞಾಪಿಸುತ್ತದೆ. ನಾಲ್ಕು ಕಾಸು ಒಪ್ಪಿಸಲು ವಿವೇಕ ಬೇಕಾದರೆ, ಒಂದು ಜೀವವನ್ನು ಒಪ್ಪಿಸಲು ಬೇಡವೇ?

ಹದಿನಾರರ ಹುಡುಗಿಯ ದೇಹ ಇನ್ನೂ ಬೆಳೆಯುತ್ತಿರುತ್ತದೆ. ಗರ್ಭ ನಿಂತರೆ ಒಂದೇ ತಟ್ಟೆಯ ಅನ್ನಕ್ಕೆ ಇಬ್ಬರು ಪಾಲುದಾರರು. ಸಾಲದಾದಾಗ ಇಬ್ಬರೂ ಸೊರಗುತ್ತಾರೆ. ತಾಯಿಗೆ ರಕ್ತಹೀನತೆ, ರಕ್ತದೊತ್ತಡ, ನಂಜಿನ ಭಯ. ಮಗುವಿಗೆ ಅವಧಿಪೂರ್ವ ಜನನ, ಎರಡೂವರೆ ಕಿಲೋಗಿಂತ ಕಡಿಮೆ ತೂಕ, ಮೊದಲ ತಿಂಗಳಲ್ಲೇ ಸಾವಿನ ಅಪಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಸ್ತ್ರೀಯರಲ್ಲಿ ಶೇ. 21ರಷ್ಟು ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು.

“ನಮ್ಮ ಅಜ್ಜಿಯರು ಹದಿನೈದಕ್ಕೇ ಹೆತ್ತರು, ಏನಾಯಿತು?” ಎನ್ನುವವರು ಬದುಕುಳಿದವರನ್ನು ಮಾತ್ರ ಎಣಿಸುತ್ತಾರೆ. ಖಬರಸ್ತಾನದ ಪುಟ್ಟ ಗೋರಿಗಳನ್ನು ಎಣಿಸಿದವರು ಯಾರು?

ಇನ್ನು, ಈಗಾಗಲೇ ಗರ್ಭಿಣಿಯಾದ ಹುಡುಗಿಯರ ಪಾಡು. ಕಾನೂನಿಗೆ ಹೆದರಿ ಅವಳನ್ನು ಆಸ್ಪತ್ರೆಯಿಂದ ಬಚ್ಚಿಡುತ್ತೇವೆ. ತಾಯಿ ಕಾರ್ಡ್ ಇಲ್ಲ, ಕಬ್ಬಿಣಾಂಶದ ಮಾತ್ರೆ ಇಲ್ಲ, ತಪಾಸಣೆ ಇಲ್ಲ. ಅಂಗನವಾಡಿಯಲ್ಲಿ ಗರ್ಭಿಣಿ-ಬಾಣಂತಿಯರಿಗೆ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಮೊದಲು ಪ್ರಯೋಗಕ್ಕೆ ಬಂದ ತಾಲ್ಲೂಕುಗಳಲ್ಲಿ ಎಚ್.ಡಿ. ಕೋಟೆಯೂ ಒಂದು. ಆದರೂ ಸೊಸೆ ಹೊರಗೆ ಹೋಗಿ ಉಣ್ಣುವುದು ಮರ್ಯಾದೆಗೆ ಕುಂದು ಎನ್ನುತ್ತೇವೆ; ಮನೆಯಲ್ಲಿ ಅವಳಿಗೆ ಕೊನೆಯ ಪಂಕ್ತಿಯ ಉಳಿಕೆಯನ್ನು ಬಡಿಸುತ್ತೇವೆ. ಇದಾವ ಮರ್ಯಾದೆ?

ನಮ್ಮ ದೀನ್ ಕಲಿಸಿದ್ದು ಬೇರೆ. ಹೆರಿಗೆಯ ನೋವಿನಲ್ಲಿದ್ದ ಮರ್ಯಮ್(ಅ)ರಿಗೆ ಅಲ್ಲಾಹನು ತಾಜಾ ಖರ್ಜೂರವನ್ನೂ ನೀರನ್ನೂ ಒದಗಿಸಿದನು. ಪ್ರವಾದಿವರ್ಯರು(ಸ) ಗರ್ಭಿಣಿಯರಿಗೂ ಹಾಲುಣಿಸುವವರಿಗೂ ಉಪವಾಸದಲ್ಲಿ ರಿಯಾಯಿತಿ ನೀಡಿದರು. ಮಗುವಿಗೆ ಹಾಲುಣಿಸುವ ತಾಯಿಯ ಅನ್ನ-ವಸ್ತ್ರದ ಹೊಣೆಯನ್ನು ಕುರ್‌ಆನ್ ತಂದೆಯ ಮೇಲೆ ಹೊರಿಸಿತು. ಅವಳ ಊಟ ನಮ್ಮ ಉಪಕಾರವಲ್ಲ, ಅವಳ ಹಕ್ಕು.

ಆದ್ದರಿಂದ ಜಮಾಅತ್ ಸಮಿತಿಗಳು ಹದಿನೆಂಟು ತುಂಬಿದ ದಾಖಲೆಯಿಲ್ಲದೆ ನಿಕಾಹ್ ನಡೆಸಬಾರದು. ಖತೀಬರು ಜುಮಾ ಪ್ರವಚನದಲ್ಲಿ ಇದನ್ನು ಬಿಚ್ಚಿ ಹೇಳಬೇಕು. ಗರ್ಭಿಣಿಯನ್ನು, ಅವಳ ಪ್ರಾಯ ಎಷ್ಟೇ ಇರಲಿ, ಮೊದಲ ತಿಂಗಳಲ್ಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮನೆಯಲ್ಲಿ ಮೊದಲ ತಟ್ಟೆ ಅವಳದಾಗಬೇಕು.

ಹೆಣ್ಣುಮಕ್ಕಳು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ನಾಳೆ ಅವನ ಮುಂದೆ ಲೆಕ್ಕ ಕೊಡುವಾಗ ‘ಊರಿನ ಪದ್ಧತಿ’ ಎಂಬ ನೆಪ ನಡೆಯದು. ಆ ಅಮಾನತನ್ನು ಕಾಪಾಡುವ ವಿವೇಕವನ್ನು ಅವನು ನಮಗೆ ಕರುಣಿಸಲಿ. ಆಮೀನ್.