ಕರೆದವರ ಹೊಣೆ
ಕೆನಡಾ 2025ರಲ್ಲಿ 5 ಲಕ್ಷ ಮಂದಿಗೆ ಕಾಯಂ ನೆಲೆ ಕೊಡುವುದಾಗಿ ಹೇಳಿತ್ತು. 2024ರ ಅಕ್ಟೋಬರಿನಲ್ಲಿ ಅಂದಿನ ಪ್ರಧಾನಿ ಟ್ರುಡೊ ಅವರ ಸರ್ಕಾರ ಅದನ್ನು 3.95 ಲಕ್ಷಕ್ಕೆ ಇಳಿಸಿತು. ಎಷ್ಟು ಜನ ಬರಬೇಕೆಂದು ತೀರ್ಮಾನಿಸುವ ಹಕ್ಕು ಯಾವ ದೇಶಕ್ಕೂ ಇದೆ, ಅದರಲ್ಲಿ ನನ್ನ ತಕರಾರಿಲ್ಲ. ಬಾಡಿಗೆ ಕೈಗೆಟುಕದಾದಾಗ ಅಲ್ಲಿನವರಿಗೆ ಬರುವ ಸಿಟ್ಟನ್ನೆಲ್ಲ ಜನಾಂಗದ್ವೇಷವೆಂದು ತಳ್ಳಿಹಾಕುವುದೂ ತಪ್ಪು. ಆದರೆ ಸಾಕಷ್ಟು ಮನೆ ಕಟ್ಟದೆ ಬಿಟ್ಟವರು ವಲಸೆ ಬಂದವರಲ್ಲ. ವಿದೇಶಿ ವಿದ್ಯಾರ್ಥಿಗಳನ್ನು ಕರೆಸಿಕೊಂಡದ್ದೂ ಅಲ್ಲಿನ ವ್ಯವಸ್ಥೆಯೇ. ಒಂಟಾರಿಯೊ ಪ್ರಾಂತ್ಯ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು ಶೇ 10ರಷ್ಟು ಇಳಿಸಿತು, ಆಮೇಲೆ ಹಲವು ವರ್ಷ ಏರಿಸಲೂ ಬಿಡಲಿಲ್ಲ. ಕಾಲೇಜುಗಳು ಆ ಕೊರತೆಯನ್ನು ಹಲವು ಪಟ್ಟು ಹೆಚ್ಚು ಶುಲ್ಕ ತೆರುವ ವಿದೇಶಿ ಮಕ್ಕಳಿಂದ ತುಂಬಿಕೊಂಡವು. ವಿದ್ಯಾರ್ಥಿ ವೀಸಾಕ್ಕೆ, ಜೀವನದ ಖರ್ಚಿಗೆಂದು 10,000 ಡಾಲರ್ ತೋರಿಸಿದರೆ ಸಾಕೆಂಬ ಓಬೀರಾಯನ ಕಾಲದ ನಿಯಮ 2023ರ ಕೊನೆಯವರೆಗೂ ನಡೆಯಿತು; ಹೊಸ ವರ್ಷದಿಂದ ಅದು ಒಮ್ಮೆಲೇ 20,635 ಆಯಿತು. ಅಷ್ಟರಲ್ಲಿ ಹೋಗಿ ಸೇರಿದ್ದ ಎಷ್ಟೋ ಹುಡುಗರು ಒಂಟಾರಿಯೊದ ಬ್ರಾಂಪ್ಟನ್ ನಗರದ ನೆಲಮಾಳಿಗೆಗಳಲ್ಲಿ ಹಾಸಿಗೆಗೆ ಹಾಸಿಗೆ ತಾಗಿಸಿ ಮಲಗಿ, ಗೋದಾಮುಗಳಲ್ಲಿ ರಾತ್ರಿಪಾಳಿ ಮಾಡಿ ಬಾಡಿಗೆ ಹೊಂದಿಸುತ್ತಿದ್ದರು. ಊರಲ್ಲಿ ಅಪ್ಪ ಜಮೀನಿನ ಪತ್ರ ಬ್ಯಾಂಕಿನಲ್ಲಿಟ್ಟು ತೆಗೆದ ಸಾಲಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಇಂಥವರನ್ನು ಈಗ ಬರೀ ಹೊರೆಯೆಂದು ಎಣಿಸುವುದು ಅನ್ಯಾಯ. ಹೊಸ ವೀಸಾ ಕಡಿಮೆ ಮಾಡಲಿ, ಒಪ್ಪುತ್ತೇನೆ. ಆದರೆ ಆಗಲೇ ಕರೆಸಿಕೊಂಡು, ಶುಲ್ಕ ಕಟ್ಟಿಸಿಕೊಂಡು, ತೆರಿಗೆಯನ್ನೂ ಪಡೆದ ಮಕ್ಕಳಿಗೆ ಅವರು ಬಂದಾಗ ಇದ್ದ ನಿಯಮದಡಿಯಲ್ಲೇ ಕಾಯಂ ನೆಲೆಗೆ ಅರ್ಜಿ ಹಾಕುವ ಅವಕಾಶ ಕೊಡಬೇಕು.