ಡಬ್ಬಿ ಬಂತು, ಅರ್ಥ್ ಎಲ್ಲಿ ಸ್ವಾಮಿ?

ಕುರುಬರಹಳ್ಳಿ: ಏಪ್ರಿಲ್-ಮೇ ಬಂತೆಂದರೆ ಬೆಂಗಳೂರಿನಲ್ಲಿ ಮಧ್ಯಾಹ್ನ ಉರಿಬಿಸಿಲು, ಸಂಜೆ ಗುಡುಗು ಸಿಡಿಲು. ಕುರುಬರಹಳ್ಳಿ ಸರ್ಕಲ್ಲಿನಲ್ಲಿ ಬಸ್ಸಿಳಿದವರು ಯಾವುದಾದರೊಂದು ಅಂಗಡಿಯ ಶೀಟಿನ ಕೆಳಗೆ ನುಗ್ಗಿ, ಷಟರಿಗೆ ಒರಗಿ ನಿಲ್ಲುತ್ತಾರೆ. ಆಕಾಶದಲ್ಲಿ ಫಳಾರ್ ಎಂದರೆ ಸಾಕು, ಬೀದಿಯೆಲ್ಲ ಕತ್ತಲು. ಮತ್ತೆ ಕರೆಂಟು ಬಂದಾಗ ಬೇಕರಿಯ ಫ್ರಿಜ್ಜು ಮಾತಾಡುವುದಿಲ್ಲ, ಮೆಡಿಕಲ್ ಸ್ಟೋರಿನ ಬಿಲ್ಲಿಂಗ್ ಯಂತ್ರ ಕಣ್ಣು ಬಿಡುವುದಿಲ್ಲ. ಮಾರನೆ ದಿನ ರಿಪೇರಿಯವನದು ಒಂದೇ ಮಾತು: "ಬೋರ್ಡು ಹೋಗಿದೆ ಸಾರ್, ಹೊಸದೇ ಹಾಕ್ಬೇಕು."

ಹೀಗೆ ಕೈ ಸುಟ್ಟುಕೊಂಡವರು ಈಗ ಒಂದು ಪುಟ್ಟ ಡಬ್ಬಿಗೆ ಮೊರೆ ಹೋಗಿದ್ದಾರೆ. ಹೆಸರು ಸರ್ಜ್ ಪ್ರೊಟೆಕ್ಟರ್. ಎರಡು ಬೆರಳಗಲ, ಮುಂದೆ ಒಂದು ಹಸಿರು ಕಿಂಡಿ. ಇದನ್ನು ಮೀಟರ್ ಪಕ್ಕದ ಡಿಬಿ ಪೆಟ್ಟಿಗೆಯೊಳಗೆ ಕೂರಿಸಿಬಿಟ್ಟರೆ ಸಿಡಿಲಪ್ಪನಿಗೂ ಹೆದರಬೇಕಾಗಿಲ್ಲ ಎಂಬ ನಂಬಿಕೆ. ಡಬ್ಬಿ ಒಳ್ಳೆಯದೇ. ಅದರ ಮೇಲೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ಅದನ್ನು ಕೂರಿಸುವ ರೀತಿಯ ಮೇಲೆ. ತಪ್ಪಾಗಿ ಕೂರಿಸಿದ ಡಬ್ಬಿ ಫ್ರಿಜ್ಜನ್ನೂ ಉಳಿಸುವುದಿಲ್ಲ. ಷಟರಿಗೆ ಒರಗಿ ನಿಂತವನ ಜೀವಕ್ಕೂ ಸಂಚಕಾರ ತರಬಹುದು.

ಡಬ್ಬಿಯ ಕೆಲಸವೇನು?

ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆಗ ಉರಿಯುತ್ತಿದ್ದದ್ದು ದೀಪ. ದೀಪಕ್ಕೆ ಒಂದು ಪೆಟ್ಟು ಬಿದ್ದರೆ ಹೋಗುವುದು ಒಂದು ಬಲ್ಬು ಮಾತ್ರ. ಈಗ ಅಂಗಡಿಯ ತಕ್ಕಡಿಯಿಂದ ಹಿಡಿದು ಕ್ಯಾಮರಾದವರೆಗೆ ಎಲ್ಲದರ ಹೊಟ್ಟೆಯಲ್ಲೂ ಸೂಕ್ಷ್ಮ ಎಲೆಕ್ಟ್ರಾನಿಕ್ಸ್. ನಮಗೆ ಬರಬೇಕಾದ್ದು 230 ವೋಲ್ಟ್. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಲೈನಿನಲ್ಲಿ ಕೆಲವೇ ಮೈಕ್ರೋಸೆಕೆಂಡು ಸಾವಿರಾರು ವೋಲ್ಟ್ ನುಗ್ಗುತ್ತದೆ. ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟರಲ್ಲಿ ಫ್ಯೂಸಾಗಲಿ ಎಂಸಿಬಿಯಾಗಲಿ ಎಚ್ಚರವೇ ಆಗಿರುವುದಿಲ್ಲ. ಲಿಫ್ಟು, ವೆಲ್ಡಿಂಗ್ ಯಂತ್ರ, ದೊಡ್ಡ ಮೋಟರು ಆನ್-ಆಫ್ ಆದಾಗಲೂ ಸಣ್ಣ ಪ್ರಮಾಣದಲ್ಲಿ ಇದೇ ಕಥೆ.

ಡಬ್ಬಿಯೊಳಗೆ ಸತುವಿನ ಆಕ್ಸೈಡಿನ ಒಂದು ಬಿಲ್ಲೆ ಇರುತ್ತದೆ. 230 ವೋಲ್ಟ್ ಇರುವಾಗ ಅದು ಮುಚ್ಚಿದ ಬಾಗಿಲು. ವೋಲ್ಟೇಜು ಮೇಲಕ್ಕೆ ಚಿಮ್ಮಿದ ಕ್ಷಣ ಬಾಗಿಲು ತೆರೆದು, ನುಗ್ಗಿ ಬಂದದ್ದನ್ನು ಅರ್ಥ್ ತಂತಿಯ ಮೂಲಕ ಭೂಮಿಗೆ ಓಡಿಸುತ್ತದೆ. ಮತ್ತೆ ಬಾಗಿಲು ಮುಚ್ಚುತ್ತದೆ. ಪ್ರತಿ ಪೆಟ್ಟಿಗೂ ಬಿಲ್ಲೆ ಸ್ವಲ್ಪ ಸವೆಯುತ್ತದೆ. ಪೂರ್ತಿ ಸವೆದಾಗ ಹಸಿರು ಕಿಂಡಿ ಕೆಂಪಾಗುತ್ತದೆ. ಕೆಂಪಾಯಿತೆಂದರೆ ಕಾವಲುಗಾರ ಸತ್ತ ಎಂದೇ ಅರ್ಥ, ಬದಲಾಯಿಸಬೇಕು.

ಭೂಮಿಗೆ ಓಡಿಸುವುದು ಸರಿ, ಆದರೆ ಭೂಮಿಗೆ ದಾರಿ ಎಲ್ಲಿ?

ಹಿಂದೆ ಅನೇಕ ಕಟ್ಟಡಗಳಲ್ಲಿ ನೀರಿನ ಕಬ್ಬಿಣದ ಪೈಪಿಗೇ ಅರ್ಥ್ ತಂತಿ ಸುತ್ತಿ ಕೈ ತೊಳೆದುಕೊಂಡಿದ್ದರು. ಈಗ ಆ ಪೈಪು ಹೋಗಿ ಪ್ಲಾಸ್ಟಿಕ್ ಪೈಪು ಬಂತು. ಪೈಪಿನ ಜೊತೆ ಅರ್ಥೂ ಹೋಯಿತು! ಮಹಡಿ ಮೇಲೆ ಮಹಡಿ ಎದ್ದಿತು, ಕೆಳಗೆ ಆರು ಅಂಗಡಿ ಬಂತು, ಅರ್ಥ್ ಗುಂಡಿ ಮಾತ್ರ ಎಲ್ಲಿದೆಯೋ ದೇವರೇ ಬಲ್ಲ. ಇಂಥ ಕಡೆ ಕೆಲವರು ಒಳದಾರಿ ಹಿಡಿಯುತ್ತಾರೆ. ಡಬ್ಬಿಯ ಅರ್ಥ್ ತಂತಿಯನ್ನು ನ್ಯೂಟ್ರಲ್ಲಿಗೆ ಕಟ್ಟುವುದು, ಇಲ್ಲವೇ ಷಟರಿನ ಕಬ್ಬಿಣದ ಚೌಕಟ್ಟಿಗೆ ಬಿಗಿಯುವುದು. ಮೊದಲನೆಯದರಲ್ಲಿ ಕಂಬದಲ್ಲಿ ನ್ಯೂಟ್ರಲ್ ಕಿತ್ತರೆ ಫ್ರಿಜ್ಜಿನ ಮೈಗೇ ಕರೆಂಟು ಬರಬಹುದು. ಎರಡನೆಯದರಲ್ಲಿ ಡಬ್ಬಿ ಕೆಟ್ಟ ದಿನ ಷಟರಿಗೇ ಕರೆಂಟು ಬರಬಹುದು. ಮಳೆಯಲ್ಲಿ ನೆನೆದು, ಒದ್ದೆ ಕಾಲಲ್ಲಿ ಅದಕ್ಕೆ ಒರಗಿದ ಬಸ್ ಪ್ರಯಾಣಿಕ ಏನು ತಪ್ಪು ಮಾಡಿದ?

ಅರ್ಧ ಮೀಟರಿನ ಲೆಕ್ಕ

ವ್ಯಾಪಾರಸ್ಥರಿಗೆ ಲೆಕ್ಕ ಬೇಗ ತಿಳಿಯುತ್ತದೆ, ನೋಡಿ. ಒಳ್ಳೆಯ ಡಬ್ಬಿ ಪೆಟ್ಟನ್ನು ಸುಮಾರು 1500 ವೋಲ್ಟಿಗೆ ತಗ್ಗಿಸುತ್ತದೆ. ಮಾಮೂಲಿ ಫ್ರಿಜ್ಜು, ಟಿವಿ ಕ್ಷಣಮಾತ್ರ 2500 ವೋಲ್ಟಿನ ಪೆಟ್ಟು ತಾಳುವಂತೆ ತಯಾರಾಗಿರುತ್ತವೆ. ಅಲ್ಲಿಗೆ ಲಾಭ. ಆದರೆ ಹತ್ತು ಸಾವಿರ ಆಂಪಿಯರಿನ ಪೆಟ್ಟು ಹರಿಯುವಾಗ ಒಂದು ಮೀಟರ್ ತಂತಿಯಲ್ಲೇ ಸುಮಾರು 1000 ವೋಲ್ಟ್ ಸೇರಿಕೊಳ್ಳುತ್ತದೆ. ಡಬ್ಬಿಯನ್ನು ಒಂದು ಮೂಲೆಯಲ್ಲಿ ಕೂರಿಸಿ ಎರಡು ಮೀಟರ್ ತಂತಿ ಸುತ್ತಿ ತಂದರೆ ಒಟ್ಟು 3500. ಲಾಭವೆಲ್ಲ ನಷ್ಟಕ್ಕೆ ಜಮಾ! ಅದಕ್ಕೇ ಮೇಲಿಂದ ಬರುವ ತಂತಿ, ಅರ್ಥ್ ಪಟ್ಟಿಗೆ ಹೋಗುವ ತಂತಿ, ಎರಡೂ ಸೇರಿ ಅರ್ಧ ಮೀಟರ್ ದಾಟಬಾರದು. ಸುರುಳಿ ಸುತ್ತಬಾರದು. ಅರ್ಥ್ ತಂತಿ 6 ಚದರ ಮಿ.ಮೀ. ತಾಮ್ರಕ್ಕಿಂತ ಸಣ್ಣದಿರಬಾರದು. ಡಬ್ಬಿಯ ಹಿಂದೆ ತಯಾರಕರು ಹೇಳಿದ ಫ್ಯೂಸೋ ಎಂಸಿಬಿಯೋ ಇರಲೇಬೇಕು. ಬಿಲ್ಲೆ ಕೆಟ್ಟು ಶಾರ್ಟ್ ಆದರೆ ಬೆಂಕಿ ಹತ್ತದಂತೆ ತಡೆಯುವುದು ಅದೇ. ಅರ್ಥ್ ಲೀಕೇಜಿಗೆ ಟ್ರಿಪ್ ಆಗುವ ಸ್ವಿಚ್ಚಿದ್ದರೆ ಡಬ್ಬಿ ಅದಕ್ಕಿಂತ ಮೊದಲು, ಮೀಟರಿನ ಕಡೆಗಿರಬೇಕು.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ಕಂಬದಲ್ಲಿ ನ್ಯೂಟ್ರಲ್ ಕಿತ್ತು ಬೀದಿಯ ಟಿವಿಗಳೆಲ್ಲ ಒಟ್ಟಿಗೆ ಹೋಗುವುದುಂಟಲ್ಲ, ಅದನ್ನು ಈ ಡಬ್ಬಿ ತಡೆಯುವುದಿಲ್ಲ. ಅಲ್ಲಿ 230ರ ಜಾಗದಲ್ಲಿ 400ರ ಹತ್ತಿರ ವೋಲ್ಟು ನಿಮಿಷಗಟ್ಟಲೆ ನಿಲ್ಲುತ್ತದೆ. ಅದಕ್ಕೆ ವೋಲ್ಟೇಜು ಹೆಚ್ಚಾದೊಡನೆ ಲೈನು ಕತ್ತರಿಸುವ ಬೇರೆ ಸಾಧನ ಬೇಕು. ಕೇಬಲ್ ಟಿವಿ, ಕ್ಯಾಮರಾ ತಂತಿಗಳಿಂದ ಬರುವ ಪೆಟ್ಟಿಗೂ ಡಿಬಿಯ ಡಬ್ಬಿ ಅಡ್ಡ ಬರುವುದಿಲ್ಲ. ಮೋಡ ಕವಿಯುವಾಗಲೇ ಪ್ಲಗ್ಗು ಕಿತ್ತಿಡುವ ಅಜ್ಜಿಯ ಬುದ್ಧಿ ಇಂದಿಗೂ ಹಳತಾಗಿಲ್ಲ.

ಕೈ ಹಾಕುವವರು ಯಾರು?

"ಎರಡು ಸ್ಕ್ರೂ ತಾನೆ, ನಾನೇ ಹಾಕ್ಕೋತೀನಿ" ಎನ್ನುವ ಧೈರ್ಯವಂತರಿದ್ದಾರೆ. ಅವರು ತಿಳಿಯಬೇಕಾದ್ದು ಎರಡು. ಮೇನ್ ಸ್ವಿಚ್ ಆಫ್ ಮಾಡಿದರೂ ಅದರ ಮೇಲ್ಬದಿಯ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಅಂಗಡಿಯಲ್ಲಿ ಯುಪಿಎಸ್ ಇದ್ದರೆ ಆಫ್ ಮಾಡಿದ ಡಿಬಿಗೂ ಹಿಂದಿನಿಂದ ಕರೆಂಟು ಬರಬಹುದು. ಇದು ಪರವಾನಗಿ ಇರುವವರ ಕೆಲಸ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳುವುದೂ ಅದನ್ನೇ. ಬಂದವನಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಇದೆಯೇ ಎಂದು ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ಮೀಟರಿನ ಸೀಲಿಗೆ, ಅದರಾಚೆಯ ಫ್ಯೂಸಿಗೆ ಬೆಸ್ಕಾಂನವರ ಹೊರತು ಬೇರಾರೂ ಕೈ ಹಾಕುವಂತಿಲ್ಲ. 1912ಕ್ಕೆ ಫೋನು ಮಾಡಿ. ಬೋರ್ಡು ಎತ್ತರದಲ್ಲಿರಲಿ. 2017ರ ಅಕ್ಟೋಬರ್ ಮಳೆಯಲ್ಲಿ ಕುರುಬರಹಳ್ಳಿಯ ನೀರು ಜನರನ್ನೇ ಕೊಚ್ಚಿಕೊಂಡು ಹೋದದ್ದನ್ನು ಮರೆಯುವಂತಿಲ್ಲ.

ಕಡೆಗೆ ಉಳಿಯುವುದು ದುಡ್ಡಿನ ಪ್ರಶ್ನೆ. "ಅರ್ಥ್ ಗುಂಡಿ ಓನರ್ ತೆಗೆಸಲಿ" ಅನ್ನುತ್ತಾರೆ ಬಾಡಿಗೆದಾರರು. "ಸುಡೋದು ನಿಮ್ಮ ಫ್ರಿಜ್ಜು, ನೀವೇ ತೆಗೆಸಿ" ಅನ್ನುತ್ತಾರೆ ಓನರು. ಈ ಜಗಳದಲ್ಲಿ ಗುಂಡಿ ತೋಡುವವರೇ ಇಲ್ಲ. ಡಬ್ಬಿ ಬಾಡಿಗೆದಾರನದು, ಆತ ಹೋಗುವಾಗ ಬಿಚ್ಚಿಕೊಂಡು ಹೋಗುತ್ತಾನೆ. ನೆಲ ಓನರದು. ಗುಂಡಿ ಕಟ್ಟಡದ ಅಂಗ, ಮೆಟ್ಟಿಲಿನ ಹಾಗೆ. ಮೆಟ್ಟಿಲಿಲ್ಲದ ಮಹಡಿಗೆ ಯಾರಾದರೂ ಬಾಡಿಗೆ ಕೊಡುತ್ತಾರೆಯೇ? ಲಕ್ಷಗಟ್ಟಲೆ ಅಡ್ವಾನ್ಸ್ ಎಣಿಸಿಕೊಳ್ಳುವ ಕೈಗೆ ಒಂದು ಗುಂಡಿ ಭಾರವಾಗಬಾರದು. ಗುಂಡಿಯ ಮೇಲೆ ಮುಚ್ಚಳವಿರಲಿ, ಬೇಸಿಗೆಗೆ ಮುಂಚೆ ಒಮ್ಮೆ ಅರ್ಥ್ ಟೆಸ್ಟರ್ ಹಿಡಿದು ಅಳೆಯಿಸಲಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಅಂಗಡಿಯವರೂ "ಅರ್ಥ್ ಎಲ್ಲಿದೆ, ತೋರಿಸಿ" ಅನ್ನಲಿ. ಬೆಸ್ಕಾಂನವರೂ ಮಳೆಗಾಲಕ್ಕೆ ಮೊದಲು ಕಂಬದ ನ್ಯೂಟ್ರಲ್ ಜಾಯಿಂಟುಗಳನ್ನು ಬಿಗಿ ಮಾಡಿಸಲಿ.

ಡಬ್ಬಿಗೆ ದುಡ್ಡು ಕೊಟ್ಟರೆ ಸಿಗುವುದು ಅರ್ಧ ರಕ್ಷಣೆ. ಉಳಿದರ್ಧ ನೆಲದೊಳಗಿದೆ. ಮುಂದಿನ ಸಿಡಿಲಿಗೆ ಮುಂಚೆ ಕಟ್ಟಡದ ಮಾಲೀಕರು ಇತ್ತ ಗಮನ ಹರಿಸುವರೆ?