ಇನ್‌ಫ್ಲ್ಯಾಮಬಲ್: ಹೊತ್ತಿಕೊಳ್ಳುವುದೋ, ಹೊತ್ತಿಕೊಳ್ಳದ್ದೋ?

ಪೆಟ್ರೋಲ್ ಟ್ಯಾಂಕರಿನ ಹಿಂಬದಿಯಲ್ಲಿ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿರುವುದನ್ನು ನೋಡದವರು ಅಪರೂಪ. ಅದೇ ಬಣ್ಣದಂಗಡಿಯ ಥಿನ್ನರ್ ಡಬ್ಬಿಯನ್ನೋ ಪ್ರಯೋಗಶಾಲೆಯ ಸ್ಪಿರಿಟ್ ಸೀಸೆಯನ್ನೋ ತಿರುಗಿಸಿ ನೋಡಿದರೆ ಅಲ್ಲಿ ಬರಿಯ ‘ಫ್ಲ್ಯಾಮಬಲ್’ ಎಂದಿರಬಹುದು. ವಿದ್ಯಾರ್ಥಿ ಗೊಂದಲಕ್ಕೆ ಬೀಳುವುದು ಇಲ್ಲೇ. ವಿಸಿಬಲ್ ಎಂದರೆ ಕಾಣುವಂಥದು, ಇನ್‌ವಿಸಿಬಲ್ ಎಂದರೆ ಕಾಣದ್ದು. ಕರೆಕ್ಟ್ ಸರಿ, ಇನ್‌ಕರೆಕ್ಟ್ ತಪ್ಪು. ಹಾಗಾದರೆ ಫ್ಲ್ಯಾಮಬಲ್ ಬೆಂಕಿ ಹೊತ್ತಿಕೊಳ್ಳುವಂಥದು, ಇನ್‌ಫ್ಲ್ಯಾಮಬಲ್ ಹೊತ್ತಿಕೊಳ್ಳದ್ದು ತಾನೆ?

ಖಂಡಿತ ಅಲ್ಲ. ಎರಡರ ಅರ್ಥವೂ ಒಂದೇ: ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವಂಥದು. ಪರೀಕ್ಷೆಯಲ್ಲಿ ಈ ತಪ್ಪು ಮಾಡಿದರೆ ಒಂದು ಅಂಕ ಹೋದೀತು. ಒಲೆಯ ಪಕ್ಕದಲ್ಲಿ ಮಾಡಿದರೆ ಮನೆಯೇ ಹೋದೀತು.

ತೊಡಕಿನ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಇನ್’ ಎಂಬ ಉಪಸರ್ಗಗಳು ಎರಡು. ಒಂದು ‘ಅಲ್ಲ’ ಎನ್ನುತ್ತದೆ. ಇನ್ನೊಂದು ‘ಒಳಗೆ’ ಎನ್ನುತ್ತದೆ. ‘ಇನ್‌ಫ್ಲೇಮ್’ ಎಂದರೆ ಜ್ವಾಲೆಯೊಳಕ್ಕೆ ತರು, ಹೊತ್ತಿಸು. ಹೊತ್ತಿಸಬಹುದಾದದ್ದು ಇನ್‌ಫ್ಲ್ಯಾಮಬಲ್. ಸಂಸ್ಕೃತದಿಂದ ಬಂದ ನಮ್ಮ ಪದಗಳಲ್ಲೂ ಇಂಥ ಜೋಡಿಯುಂಟು: ‘ಅಸಾಧ್ಯ’ದ ‘ಅ’ ಇಲ್ಲವೆನ್ನುತ್ತದೆ, ‘ಆಗಮನ’ದ ‘ಆ’ ಇತ್ತ ಕಡೆಗೆ ಎನ್ನುತ್ತದೆ. ನಮಗೆ ಹ್ರಸ್ವ, ದೀರ್ಘದ ಗುರುತಾದರೂ ಇದೆ. ಇಂಗ್ಲಿಷಿನ ‘ಇನ್’ಗಳನ್ನು ಬರೆಯುವುದು ಒಂದೇ ರೀತಿ. ‘ಹ್ಯಾಬಿಟಬಲ್’, ‘ಇನ್‌ಹ್ಯಾಬಿಟಬಲ್’ ಎರಡೂ ವಾಸಕ್ಕೆ ಯೋಗ್ಯ ಎಂದೇ ಹೇಳುವುದಕ್ಕೂ ಇದೇ ಕಾರಣ.

ಇವೆರಡರಲ್ಲಿ ಹಿರಿಯ ಪದ ಇನ್‌ಫ್ಲ್ಯಾಮಬಲ್. ಇಂಗ್ಲಿಷಿನಲ್ಲಿ ಅದಕ್ಕೆ ನಾನೂರು ವರ್ಷಗಳ ಬಳಕೆಯಿದೆ. ಫ್ಲ್ಯಾಮಬಲ್ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಜೀವ ತುಂಬಿದವರು ಕವಿಗಳೂ ಅಲ್ಲ, ವ್ಯಾಕರಣ ಪಂಡಿತರೂ ಅಲ್ಲ. ಬೆಂಕಿ ಅನಾಹುತ ತಡೆಯುವವರು! ಹಳೆಯ ಪದವನ್ನು ಜನ ತಿರುವುಮುರುವಾಗಿ ಓದಿಯಾರೆಂಬ ಭಯದಿಂದ ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘ 1920ರ ದಶಕದಲ್ಲಿ ಫ್ಲ್ಯಾಮಬಲ್ ಬಳಸುವಂತೆ ಒತ್ತಾಯಿಸಿತು. ಬ್ರಿಟನ್ನಿನ ಮಾನಕ ಸಂಸ್ಥೆ 1959ರಲ್ಲಿ ಅದನ್ನೇ ಅನುಸರಿಸಿತು. ನಮ್ಮಲ್ಲಿ 1952ರ ಒಂದು ಕೇಂದ್ರ ಕಾಯಿದೆಯ ಹೆಸರಿನಲ್ಲೇ ಇನ್‌ಫ್ಲ್ಯಾಮಬಲ್ ಇದೆ. ಹಾಗಾಗಿ ಎರಡನ್ನೂ ತಿಳಿದಿರಲೇಬೇಕು.

ಪದವೊಂದು ಬೆಂಕಿಗೆ ಕಾರಣವಾದೀತೇ? ಆದೀತು ಎಂದವರು ಬೆಂಜಮಿನ್ ಲೀ ವೋರ್ಫ್. ಹೆಸರಾಂತ ಭಾಷಾವಿಜ್ಞಾನಿಯಾದ ಇವರ ಹೊಟ್ಟೆಪಾಡಿನ ಕೆಲಸ ಅಗ್ನಿವಿಮೆ ಕಂಪನಿಯೊಂದರಲ್ಲಿ. ತುಂಬಿದ ಪೆಟ್ರೋಲ್ ಪೀಪಾಯಿಗಳ ಬಳಿ ಜನ ಹುಷಾರಾಗಿರುತ್ತಾರೆ. ‘ಖಾಲಿ’ ಪೀಪಾಯಿಗಳ ಬಳಿ ನಿಶ್ಚಿಂತೆಯಿಂದ ಸಿಗರೇಟು ಸೇದುತ್ತಾರೆ ಎಂಬುದನ್ನು ಅವರು ಗಮನಿಸಿದರು. ಆದರೆ ಖಾಲಿ ಪೀಪಾಯಿಯೊಳಗೆ ಪೆಟ್ರೋಲಿನ ಆವಿಯಿರುತ್ತದೆ. ಅದೇ ಹೆಚ್ಚು ಅಪಾಯಕಾರಿ. ‘ಖಾಲಿ’ ಎಂಬ ಮಾತೇ ಜನರನ್ನು ಮೈಮರೆಸಿತ್ತು.

ಇನ್ನು ಬಳಕೆ. ಬೆಂಕಿ ಹತ್ತದ್ದು ಎನ್ನಲು ‘ನಾನ್‌ಫ್ಲ್ಯಾಮಬಲ್’ ಎನ್ನಿ. ‘ಕಂಬಸ್ಟಿಬಲ್’ ಎಂದರೆ ಉರಿಯಬಲ್ಲದ್ದು, ಆದರೆ ಅಷ್ಟು ಬೇಗ ಹೊತ್ತಿಕೊಳ್ಳಬೇಕೆಂದಿಲ್ಲ. ಸೌದೆಯ ತುಂಡು ಕಂಬಸ್ಟಿಬಲ್, ಪೆಟ್ರೋಲ್ ಫ್ಲ್ಯಾಮಬಲ್. ‘ಫ್ಲೇಮ್’ ಬರೆಯುವಾಗ ಒಂದೇ ‘ಎಂ’, ‘ಫ್ಲ್ಯಾಮಬಲ್’ ಬರೆಯುವಾಗ ಎರಡು. ಜನರನ್ನು ಕೆರಳಿಸುವ ಭಾಷಣ ‘ಇನ್‌ಫ್ಲಮೇಟರಿ’. ಅಲ್ಲಿ ಫ್ಲ್ಯಾಮಬಲ್ ಸಲ್ಲದು. ಗಂಟಲು ಕೆಂಪಾಗಿ ಬಾತರೆ ವೈದ್ಯರು ‘ಇನ್‌ಫ್ಲಮೇಶನ್’ ಎನ್ನುತ್ತಾರೆ. ಕನ್ನಡದಲ್ಲಿ ಅದು ಉರಿಯೂತ. ಇಲ್ಲೂ ಉರಿ ಇದೆ!

ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ಮಕ್ಕಳು ಮಾತ್ರ ಎಂಬ ಸಂಸಾರಗಳು ನಮ್ಮಲ್ಲಿ ಬಹಳ. ಡಬ್ಬಿ ಹಿಡಿದ ಅಮ್ಮ, “ಇದರ ಮೇಲೆ ಏನು ಬರೆದಿದೆ, ನೋಡು ಮಗಾ” ಎಂದು ಕೇಳಿದಾಗ ಮಗು ಕೊಡುವ ಉತ್ತರವೇ ಆ ಮನೆಗೆ ಎಚ್ಚರಿಕೆ. ಆದ್ದರಿಂದ ಈ ಒಂದು ಪದವನ್ನು ಅಂಕಕ್ಕಾಗಿ ಅಲ್ಲದಿದ್ದರೂ ಅಮ್ಮನಿಗಾಗಿ ಕಲಿಯಬೇಕು. ಮುಂದೆ ‘ಇನ್’ ಇರಲಿ, ಬಿಡಲಿ, ಬೆಂಕಿಯಿಂದ ದೂರವಿಡಿ.